ಬುಟ್ಟಿಯಲ್ಲಿ ಬದಲಾದ ರೊಟ್ಟಿ

ಬೆಟಗೇರಿ
ಶನಿವಾರ, ಫೆಬ್ರುವರಿ 30, 2191

ನನ್ನ ಮುತ್ತಜ್ಜಿಯ ಮುತ್ತಜ್ಜಿ ಸುವಾರ್ತಮ್ಮನವರಿಗೆ, ನಿಮ್ಮ ವಂಶದ ಯೂನಿಕೆ ಮಾಡುವ ನಮಸ್ಕಾರಗಳು.

ತಾರೀಖು ತಪ್ಪಿದೆ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಫೆಬ್ರುವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ; ಪಾಪ, ಬಹಳ ಕಾಲ ಕಾದಿತ್ತು. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಆದರೆ ನಾನು ಮಾಡಿದ ತಪ್ಪು ನಿಮಗೆ ತಟ್ಟನೆ ಅರ್ಥವಾಗುತ್ತದೆ. ನಾಚಿಕೆಯಿಂದ ಯಾರ ಮುಂದೆಯೂ ಬಾಯಿ ಬಿಡಲಾಗದೆ ನಿಮಗೆ ಬರೆಯುತ್ತಿದ್ದೇನೆ.

ನಮ್ಮ ಮನೆಗಳಲ್ಲಿ ‘ಒದಗು’ ಎಂಬುದೊಂದಿದೆ, ಗೋಡೆಯೊಳಗಿನ ಯಂತ್ರ. ಊಟ, ಮಡಿಚಿದ ಬಟ್ಟೆ, ಮಕ್ಕಳ ಲೆಕ್ಕದ ಉತ್ತರ, ಜಗಳವಾಡಿದ ಗೆಳತಿಗೆ ಕಳಿಸುವ ಕ್ಷಮಾಪಣೆ ಕೂಡ ಅದೇ ಸಿದ್ಧಮಾಡುತ್ತದೆ. ಹನ್ನೆರಡು ತುಂಬಿದರೂ ಒಂದು ಚೊಂಬು ನೀರನ್ನು ತಾವಾಗಿ ಬಗ್ಗಿಸಿಕೊಳ್ಳದ ಮಕ್ಕಳು ನಮ್ಮವರು. ಇದರ ನಡುವೆ ನಮ್ಮ ಚರ್ಚಿನ ಸಭೆ ಹಟ ಹಿಡಿದು ಉಳಿಸಿಕೊಂಡದ್ದು ನೀವು ಶುರುಮಾಡಿದ ಕೈರೊಟ್ಟಿಯನ್ನು. ಸಭೆಯೆಲ್ಲ ರೊಟ್ಟಿ ಮುರಿದು ಹಂಚಿಕೊಳ್ಳುವ ಕರ್ತನ ಮೇಜಿಗೆ ಮಗು ಮೊದಲ ಸಲ ಬರುವ ಭಾನುವಾರ, ಆ ಮೇಜಿಗೆ ಬೇಕಾದ ಜೋಳದ ರೊಟ್ಟಿಯನ್ನು ತಾನೇ ಬಡಿದು ತರಬೇಕು. ಬೇರೆ ಯಾರೂ ಕೈ ಹಚ್ಚುವಂತಿಲ್ಲ. ಅದು ಹೇಗೇ ಇರಲಿ, ಸಭೆ ಎರಡು ಮಾತಾಡದೆ ತಿನ್ನುತ್ತದೆ. ನಿಮ್ಮ ಮಗಳ ಸೀದ ರೊಟ್ಟಿಯನ್ನು ನೀವೇ ಮೊದಲು ತಿಂದಿರಂತೆ. ಯಂತ್ರದ ರೊಟ್ಟಿ ತಂದವರು ಮಾತ್ರ ಒಂದು ವರ್ಷ ಮೇಜಿನಿಂದ ದೂರ ಕೂರಬೇಕು.

ಕಳೆದ ವರ್ಷ ನನ್ನ ಮಗಳು ನಿರೀಕ್ಷಾಳ ಸರದಿ. ಇಡೀ ಶನಿವಾರ ಹಿಟ್ಟಿನೊಂದಿಗೆ ಗುದ್ದಾಡಿದಳು. ಕೊನೆಗೆ ಆದದ್ದು ನಾಲ್ಕು ರೊಟ್ಟಿ. ಒಂದೊಂದಕ್ಕೆ ಒಂದೊಂದು ಆಕಾರ, ಅಂಚೆಲ್ಲ ಸೀಳು, ನಡುವೆ ಕರಿ. ಅವಳ ಮುಖ ಅರಳಿತ್ತು. ನನಗೆ ಕಂಡದ್ದು ಸಭೆಯ ಹೆಂಗಸರ ಕಣ್ಣು. ನಾನು ಸಭಾಹಿರಿಯರಲ್ಲಿ ಒಬ್ಬಳು. ನನ್ನ ಮಗಳು ಇಂಥ ರೊಟ್ಟಿ ತರುವುದೇ? ಭಾನುವಾರ ಬೆಳಗ್ಗೆ ಅವಳು ತಲೆ ಬಾಚಿಕೊಳ್ಳುವಾಗ ಒದಗಿಗೆ ಹೇಳಿ ನಾಲ್ಕು ದುಂಡು ರೊಟ್ಟಿ ಮಾಡಿಸಿದೆ. ಅವನ್ನು ಬುಟ್ಟಿಯಲ್ಲಿಟ್ಟು ಬಟ್ಟೆ ಮುಚ್ಚಿದೆ, ಅವಳವನ್ನು ಕಸದ ಡಬ್ಬಿಗೆ ಹಾಕಿದೆ. ಪ್ರೀತಿಯಿಂದ ಮಾಡಿದೆ ಎಂದುಕೊಂಡೆ. ಸುಳ್ಳು. ನನ್ನ ಮರ್ಯಾದೆಗಾಗಿ ಮಾಡಿದೆ.

ಪಾದ್ರಿ ಅಯ್ಯನವರು ಬಟ್ಟೆ ತೆಗೆದಾಗ ಸಭೆಯವರೆಲ್ಲ ಕತ್ತು ಚಾಚಿ ನೋಡಿದರು. ಅಷ್ಟು ದುಂಡಗೆ ಹನ್ನೆರಡರ ಹುಡುಗಿ ಬಡಿಯುವುದಿಲ್ಲವೆಂದು ಎಲ್ಲರಿಗೂ ಗೊತ್ತು. ನನ್ನ ಜಾಣ ತಲೆಗೆ ಅದೊಂದು ಹೊಳೆದಿರಲಿಲ್ಲ.

“ಇವು ನನ್ನವಲ್ಲರೀ ಅಯ್ಯನವರ,” ಎಂದಳು ನಿರೀಕ್ಷಾ. “ನನ್ನವು ಕರಕಾಗಿದ್ವು.”

“ಹಂಗಾದ್ರ ಇವನ್ನ ಯಾರು ಇಟ್ಟಾರವಾ?”

ಅವಳು ನನ್ನತ್ತ ನೋಡಿದಳು. ನಾನು ಹಾಡಿನ ಪುಸ್ತಕ ನೋಡಿದೆ.

“ಗೊತ್ತಿಲ್ಲ ಅಂದ್ರ ಸುಳ್ಳಾಗತೈತ್ರಿ. ಆದ್ರ ಹೆಸರು ಅವರ ಹೇಳಬೇಕು, ನಾ ಅಲ್ಲ.” ಅಷ್ಟು ಹೇಳಿ ಹಿಂದಿನ ಬೆಂಚಿಗೆ ಹೋಗಿ ಕೂತಳು.

ವರ್ಷವಿಡೀ ಅಲ್ಲೇ ಕೂತಳು. ಮೋಸಗಾತಿ ಎಂಬ ಪಿಸುಮಾತನ್ನು ತಲೆಬಗ್ಗಿಸದೆ ಕೇಳಿದಳು. ನಾನು ಪ್ರತಿ ತಿಂಗಳೂ ಮುಂದೆ ಹೋಗಿ, ಕೈಯೊಡ್ಡಿ, ರೊಟ್ಟಿ ತಿಂದು ಬಂದೆ. ಮನೆಯಲ್ಲಿ ಅವಳು ಆ ಮಾತೇ ಎತ್ತಲಿಲ್ಲ. ಒದಗಿಗೆ ಏನನ್ನಾದರೂ ಕೇಳುವುದನ್ನು ಮಾತ್ರ ಬಿಟ್ಟಳು. ತನ್ನ ಬಟ್ಟೆ ತಾನೇ ಒಗೆದುಕೊಂಡಳು, ತನ್ನ ಲೆಕ್ಕ ತಾನೇ ತಪ್ಪಿ ತಾನೇ ತಿದ್ದಿಕೊಂಡಳು. ಅವಳ ಪ್ರಾರ್ಥನೆಯಲ್ಲಿ ನನ್ನ ಹೆಸರು ಕೇಳಿಸುತ್ತಿತ್ತು. ಒಳ್ಳೆಯ ಮಗಳನ್ನು ಬೆಳೆಸಿದ್ದೀ ಎಂದು ಯಾರೂ ನನ್ನನ್ನು ಹೊಗಳದಿರಲಿ. ದೇವರು ಅವಳನ್ನು ನನ್ನ ಕೈಯಿಂದ ಕಾಪಾಡಿ ಬೆಳೆಸಿದ.

ನಾಳೆ ಮತ್ತೆ ಅವಳ ಸರದಿ. ಇವತ್ತು ಮಧ್ಯಾಹ್ನ ಒಲೆಯ ಮೇಲೆ ಹಂಚು ಇಟ್ಟು ಮೆಲ್ಲಗೆ ಹೇಳಿದಳು: “ಅವ್ವಾ, ನೀ ಹೊರಗ ಕುಂದ್ರು.” ಹೊರಗಿನ ಕಟ್ಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿದೆ. ಈಗ ಸೀದ ವಾಸನೆಯೂ ಬಂತು. ನಾನು ಏಳಲಿಲ್ಲ.

ನಾಳೆ ಏಳಬೇಕು. ಅಯ್ಯನವರು ರೊಟ್ಟಿ ಮುರಿಯುವ ಮೊದಲು ಎಲ್ಲರ ಮುಂದೆ ನನ್ನ ಹೆಸರು ಹೇಳಿ, ಹಿಂದಿನ ಬೆಂಚಿಗೆ ಹೋಗಬೇಕು. ಇನ್ನೂ ಹುಟ್ಟದ ಮೊಮ್ಮಕ್ಕಳಿಗಾಗಿ ನೀವು ದಿನಾ ಮೊಣಕಾಲೂರುತ್ತಿದ್ದಿರಂತೆ. ಅವರಲ್ಲಿ ನಾನೂ ಒಬ್ಬಳು, ಅಜ್ಜಿ. ನಾನು ಎದ್ದು ನಿಲ್ಲುವಂತೆ ಬೇಡಿಕೊಳ್ಳಿ. ನಾನು ಎದ್ದರೆ, ನಾಳೆ ನಿರೀಕ್ಷಾಳ ಸೀದ ರೊಟ್ಟಿಯನ್ನು ಇಡೀ ಸಭೆ ತಿನ್ನುತ್ತದೆ. ನನಗೆ ಮಾತ್ರ ಸಿಗುವುದಿಲ್ಲ.

ನಿಮ್ಮವಳೆಂದು ಹೇಳಿಕೊಳ್ಳಲು ಇನ್ನೂ ನಾಚುತ್ತಿರುವ,
ಯೂನಿಕೆ