ಡುಮಸ್‌ನಲ್ಲಿ ಹಿಂದೆ ಸರಿದ ಸಮುದ್ರ

ಅಕ್ಕನಿಗೆ ನಮಸ್ಕಾರ.

ಸೂರತ್ತಿನಲ್ಲಿ ನಿನ್ನ ಮಗ ಉಮಾಕಾಂತನ ಮನೆಯಲ್ಲಿ ಕ್ಷೇಮವಾಗಿದ್ದೇನೆ, ಮಂಡಿನೋವು ಮಾತ್ರ ಇದೆ. ಅವನ ದುಬಾರಿ ಗಾಳದ ಕೋಲು ಕೇಳಿ ಪಡೆದು, ಎರೆಯ ಬದಲು ಗರಿಯಲ್ಲಿ ಮಾಡಿದ ಹುಸಿನೊಣ ಕಟ್ಟಿ, ಒಬ್ಬನೇ ಡುಮಸ್ ತೀರಕ್ಕೆ ಹೋದೆ. ಗಾಳ ಬೀಸುತ್ತಿದ್ದಂತೆ ಇಳಿತ ಶುರುವಾಗಿ ಸಮುದ್ರವೇ ಹಿಂದೆ ಸರಿಯಿತು. ಹೊನ್ನಾವರದವನು ಸಮುದ್ರಕ್ಕೆ ಹೆದರುವುದುಂಟೇ, ಕೆಸರಿನಲ್ಲಿ ಬೆನ್ನು ಹತ್ತಿದೆ. ಆಮೇಲೆ ನೀರು ಯಾವ ದಿಕ್ಕಿನಿಂದ ತಿರುಗಿ ಬಂತೋ ತಿಳಿಯಲಿಲ್ಲ. ಏಡಿ ಹಿಡಿಯುವ ಹೆಂಗಸೊಬ್ಬಳು "ಕಾಕಾ, ಭಾಗೋ" ಎಂದು ಕೂಗಿದಳು. ಕೋಲು ಬಿಟ್ಟು ಓಡಿದೆ.

ದೊಡ್ಡ ಮೀನು ಎಳೆದುಕೊಂಡು ಹೋಯಿತೆಂದು ಉಮಾಕಾಂತನಿಗೆ ಹೇಳಿದೆ. ಅವನು ಬೈಯಲಿಲ್ಲ. "ಮಾವ, ದೀಪಾವಳಿ ರಜೆಗೆ ಗಟ್ಟಿ ದಾರ ತರ್ತೆ. ನೀವು ಜಾಗ ತೋರ್ಸಿ, ಆ ಮೀನನ್ನ ಬಿಡೂದಿಲ್ಲ" ಎಂದ.

ಆ ಜಾಗ ನೀರೋ ನೆಲವೋ ನನಗೇ ಗೊತ್ತಿಲ್ಲ. ಫೋನಿನಲ್ಲಿ ಹೇಳಿದರೆ ಅವನಿಗೆ ಕೇಳುತ್ತದೆ, ಅದಕ್ಕೇ ಕಾರ್ಡು. ಮನೆಯಲ್ಲಿ ಕೆಲಸವಿದೆಯೆಂದು ರಜೆಗೆ ಮೊದಲೇ ನನ್ನನ್ನು ಕರೆಸಿಕೋ.

ನಿನ್ನ ತಮ್ಮ