ಕರೆಪತ್ರ ತಪ್ಪು ಹುಡುಗಿಗೆ ಬಂದಿದೆ

ಶಾಲಾ ತಪಾಸಣೆಯ ಮಾನ್ಯ ಅಧಿಕಾರಿಗಳೇ,

ವಿಜಾಪುರದ ಹಾಡಿನ ಸ್ಪರ್ಧೆಗೆ ನಮ್ಮ ಬಬಲೇಶ್ವರದ ಶಾಲೆಯಿಂದ ತಾವು ಆರಿಸಿದ ಹುಡುಗಿಗೆ ಹಾಡಲು ಬರುವುದಿಲ್ಲ. ಹಾಡಲು ಬರುವ ಹುಡುಗಿಯನ್ನು ತಾವು ನೋಡಿಯೇ ಇಲ್ಲ. ಇದರಲ್ಲಿ ತಮ್ಮ ಕಿವಿಯ ತಪ್ಪಿಲ್ಲ. ಅದು ಸರಿಯಾಗಿಯೇ ಕೇಳಿಸಿಕೊಂಡಿತ್ತು.

ತಾವು ತಪಾಸಣೆಗೆ ಬರುವ ಮುಂಚೆ ತಮ್ಮ ಕಚೇರಿಯ ಸುತ್ತೋಲೆ ಬಂತು: 'ಸ್ವಾಗತಗೀತೆಗೆ ಲಕ್ಷಣವಾದ ಹುಡುಗಿಯನ್ನು ನಿಲ್ಲಿಸತಕ್ಕದ್ದು.' ತಮ್ಮ ಸುತ್ತೋಲೆಗಳ ಅರ್ಥ ಬಿಡಿಸಲು ನಮಗೆ ಎರಡೆರಡು ಸಭೆ ಬೇಕಾಗುತ್ತವೆ. ಇದಕ್ಕೆ ಒಂದು ಗಳಿಗೆಯೂ ಬೇಕಾಗಲಿಲ್ಲ.

"ಬೋರವ್ವ ಬ್ಯಾಡ್ರಿ. ಕರ್ರಗ ಹಂಚಿನ ತಳಾ ಆಗ್ಯಾಳ. ಸಾಹೇಬರು ಏನಂದಾರು?" ಎಂದರು ಮುಖ್ಯ ಗುರುಗಳು. ಬೋರವ್ವ ಕುರಿ ಕಾಯುವ ಪರಸಪ್ಪನ ಮಗಳು.

"ಹಾಡಾಕ ಬರೋದು ಆಕಿಗೊಬ್ಬಾಕಿಗೇರಿ," ಎಂದೆ.

"ಹಂಗಾದ್ರ ಹಾಡಲಿ. ಕಾಣೋದು ಬ್ಯಾಡ."

ಹೀಗಾಗಿ ಬೋರವ್ವ ಪರದೆಯ ಹಿಂದೆ ನಿಂತು ಹಾಡಿದಳು. ಬಟ್ಟೆ ಅಂಗಡಿಯ ಕಾಸಿಮಸಾಬರ ಬೆಳ್ಳನೆಯ ಮಗಳು ನಜಮಾ ಮುಂದೆ ನಿಂತು ಬಾಯಿ ಆಡಿಸಿದಳು. ಹಾಡು ಮಾತ್ರ ನನ್ನದು. ಪ್ರಾಸದ ಚಟ ನನಗೆ ಕಾಲೇಜಿನಿಂದಲೇ ಇದೆ:

ಕರಿಯ ನೆಲದ ಸಿರಿಯ ನೋಡಿ,
ಬನ್ನಿ ಒಳಗೆ ದಯಮಾಡಿ!

ತಾವು ತಲೆದೂಗಿದಿರಿ. ಭಾಷಣದಲ್ಲಿ ನಮ್ಮ ಕಪ್ಪು ಎರೆಮಣ್ಣನ್ನು ಬಾಯಿ ತುಂಬ ಹೊಗಳಿದಿರಿ. ನಿಜ, ಈ ಸೀಮೆಯಲ್ಲಿ ಹೊಲ ಕಪ್ಪಗಿದ್ದಷ್ಟೂ ಬೆಲೆ, ಎಮ್ಮೆ ಕಪ್ಪಗಿದ್ದಷ್ಟೂ ಕಳೆ. ಹುಡುಗಿಯ ಸರದಿ ಬಂದಾಗ ಮಾತ್ರ ನಮಗೆ ಬೇರೆ ಕಣ್ಣು ಎಲ್ಲಿಂದ ಬರುತ್ತವೆ? ಆಫ್ರಿಕದ ವರ್ಣಭೇದವನ್ನು ಖಂಡಿಸಿ ಮಕ್ಕಳಿಂದ ಪ್ರಬಂಧ ಬರೆಸುವವರೂ ನಾವೇ ಅಲ್ಲವೇ? ಆಫ್ರಿಕ ದೂರವಿರುವುದು ಎಷ್ಟು ಅನುಕೂಲ!

ಆಗಲೇ ಎದ್ದು ಹೇಳಬಹುದಿತ್ತಲ್ಲ ಎನ್ನುತ್ತೀರಿ. ಹೇಳಬಹುದಿತ್ತು. ಪರದೆಯ ಹಗ್ಗ ನನ್ನ ಕೈಯಲ್ಲಿತ್ತು.

ಸ್ಪರ್ಧೆಗೆ ಆರಿಸಿ ತಾವು ಬಹುಮಾನವಾಗಿ ಕೊಟ್ಟ ಪೆನ್ನನ್ನು ಹಿಡಿದು ನಜಮಾ ನೇರ ನನ್ನ ಹತ್ತಿರ ಬಂದಳು. "ಮಾಸ್ತರ, ನನಗ ಬಾಯಿ ತೆಗಿಯೋದಷ್ಟ ಬರತೈತ್ರಿ. ವಿಜಾಪುರದಾಗ ಏನ್ ಮಾಡ್ಲಿ?" ಎಂದವಳೇ ಪೆನ್ನನ್ನು ಬೋರವ್ವನ ಕೈಗಿಟ್ಟಳು.

"ಪೆನ್ನ ನೀನ ಇಟಕೋಬೇ, ಹಾಡ ನಂದು," ಎಂದು ಬೋರವ್ವ ಅದನ್ನು ತಿರುಗಿ ಕೊಟ್ಟಳು. ಆಮೇಲೆ ನನ್ನ ಕಡೆ ನೋಡಿ, "ಮಾಸ್ತರ, ಅಲ್ಲೂ ಪರದಿ ಕಟ್ತಾರೇನ್ರಿ?" ಎಂದು ಕೇಳಿದಳು.

ಈ ಪ್ರಶ್ನೆಗೆ ಉತ್ತರ ಸಿಗಲೆಂದು ತಮ್ಮ ಕಚೇರಿಗೆ ಎರಡು ಅರ್ಜಿ ಕೊಟ್ಟೆ. 'ಆರಿಸಿದ ಹೆಸರನ್ನು ಬದಲಿಸಲು ಬರುವುದಿಲ್ಲ' ಎಂಬ ಉತ್ತರ ಬಂತು. ಅದಕ್ಕೇ ಊರೆಲ್ಲ ಓದುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಸ್ಪರ್ಧೆಗೆ ಇನ್ನು ಎಂಟು ದಿನವಿದೆ. ಕರೆಪತ್ರದಲ್ಲಿ ಬೋರವ್ವನ ಹೆಸರು ಬರೆಯಿರಿ. ವೇದಿಕೆಯ ಮುಂದೆ, ದೀಪದ ಬೆಳಕಿನಲ್ಲಿ ಅವಳನ್ನು ನಿಲ್ಲಿಸಿ. ಪರದೆಯ ಹಿಂದೆ ಒಬ್ಬರು ಇರಲೇಬೇಕೆಂಬ ನಿಯಮವಿದ್ದರೆ ನನ್ನನ್ನು ಕರೆಸಿಕೊಳ್ಳಿ. ಮೈಬಣ್ಣ ನೋಡಿದರೂ ಸರಿ, ಮಾಡಿದ ಕೆಲಸ ನೋಡಿದರೂ ಸರಿ, ಆ ಜಾಗ ನನ್ನದೇ.

ಇಂತಿ,
ಹಾಡಿಗೆ ಪ್ರಾಸ ಕಟ್ಟಿ,
ಹೆಂಡತಿಯ ಸೀರೆಯಿಂದ ಪರದೆಯನ್ನೂ ಕಟ್ಟಿದ
ಕನ್ನಡ ಮಾಸ್ತರ