ಅಕ್ಕನಿಗೆ ಓದಿ ಹೇಳಿದ ಯುದ್ಧ

ಮಾರ್ಚ್ 3, ಬೆಳಿಗ್ಗೆ 11
ಅಕ್ಕನನ್ನು ಎಡಕ್ಕೆ ಹೊರಳಿಸಿ, ಬೆನ್ನಿಗೆ ಪೌಡರ್ ಹಾಕಿ, ಕಾದಂಬರಿ ತೆಗೆದೆ. ಮತ್ತೆ ಯುದ್ಧದ್ದೇ. ಈ ವರ್ಷ ಹದಿನಾಲ್ಕನೆಯದು. ಯುದ್ಧದ ಕಾದಂಬರಿಗಳಲ್ಲಿ ಯಾರೂ ಸುಮ್ಮನೆ ಕೂತಿರುವುದಿಲ್ಲ, ಅದಕ್ಕೇ ಇಷ್ಟ. ಇದರಲ್ಲಿ ಶತ್ರುಗಳು ಸುತ್ತುವರಿದ ಊರು. ಜನ ಗೋಡೆಗೆ ಅಂಟಿಸಿದ್ದ ಕಾಗದ ಕಿತ್ತು, ಅದರ ಹಿಟ್ಟಿನ ಅಂಟು ಬೇಯಿಸಿ ತಿನ್ನುತ್ತಿದ್ದಾರೆ.
"ಮುತ್ತಿಗೆ ಹಾಕಿ ಎಷ್ಟು ದಿನ ಆಯ್ತೇ?" ಅಕ್ಕ ಕೇಳಿದಳು.
"ಇನ್ನೂರು."
"ಅಷ್ಟೇನಾ? ನಾನು ಹಾಸಿಗೆಗೆ ಬಿದ್ದು ಆರು ವರ್ಷ."
ಇಬ್ಬರೂ ನಕ್ಕೆವು. ಆಮೇಲೆ ಓದುತ್ತಿದ್ದ ಸಾಲು ಸಿಗಲಿಲ್ಲ.

ಮಾರ್ಚ್ 4
ಪುಸ್ತಕ ರಿನ್ಯೂ ಮಾಡಿಸಲು ಲೈಬ್ರರಿಗೆ. ನಲವತ್ತು ನಿಮಿಷ — ಪಕ್ಕದ ಮನೆಯಾಕೆ ಅಕ್ಕನ ಹತ್ತಿರ ಕೂರುವುದು ಅಷ್ಟೇ ಹೊತ್ತು. ಲೈಬ್ರರಿಯನ್ ಕೇಳಿದರು, "ಇಲ್ಲೇ ಕೆಲಸಕ್ಕೆ ಬರ್ತೀರಾ? ಯುದ್ಧದ ಕಪಾಟು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಶುಕ್ರವಾರದೊಳಗೆ ಹೇಳಿ."
ದಾರಿಯುದ್ದಕ್ಕೂ ಓಡಿಕೊಂಡೇ ಬಂದೆ. ಖುಷಿಗೋ, ಹೊತ್ತಾಯಿತೆಂದೋ...

ಮಾರ್ಚ್ 6
ಅಣ್ಣನಿಗೆ ಫೋನ್. "ಕೆಲಸವೇನೋ ಸರಿ. ಅವಳನ್ನ ಯಾರು ನೋಡ್ಕೋತಾರೆ?"
ಉತ್ತರ ಅವನಿಗೂ ಗೊತ್ತು, ನನಗೂ. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಲೈಬ್ರರಿಯನ್‌ಗೆ ಫೋನ್ ಮಾಡಿ, ಅಕ್ಕನನ್ನು ಬಿಟ್ಟು ಬರಲಾಗುವುದಿಲ್ಲ ಎಂದೆ.

ಮಾರ್ಚ್ 7
ಓದಲು ಕೂತೆ. ಅಕ್ಕ ಮುಖ ತಿರುಗಿಸಿದಳು.
"ನಲ್ಲಿ ಬಿಟ್ರೆ ಕೇಳಲ್ಲ ಅಂದ್ಕೊಂಡ್ಯಾ? ನಂಗೆ ಸ್ವಾಧೀನ ತಪ್ಪಿರೋದು ಸೊಂಟದ ಕೆಳಗೆ. ಕಿವಿಗಲ್ಲ."
"ನಿನಗೋಸ್ಕರ—"
"ನನ್ನ ತಲೆಗೆ ಕಟ್ಟಬೇಡ. ಹೆದರಿಕೆ ನಿಂದು. ಪುಸ್ತಕದಲ್ಲಿ ದೇಶದೇಶ ದಾಟ್ತೀಯ, ಬೀದಿ ದಾಟೋಕೆ ಆಗಲ್ಲ."
ಪುಸ್ತಕ ಅಲ್ಲೇ ಬಿಸಾಕಿ ಎದ್ದೆ. ಸುಳ್ಳಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಮಾರ್ಚ್ 15
ವಾರವಿಡೀ ಓದಿಲ್ಲ, ಬರೆದಿಲ್ಲ. ಮಾತೂ ಅಷ್ಟಕ್ಕಷ್ಟೇ. ಇಂದು ಗೊತ್ತಾಯಿತು — ಅಕ್ಕ ಅಣ್ಣನಿಗೆ ಫೋನಿನಲ್ಲೇ ಮಂಗಳಾರತಿ ಎತ್ತಿ, ಹಗಲಿಗೆ ನರ್ಸ್ ಗೊತ್ತುಮಾಡಿಸಿದ್ದಾಳೆ. ಲೈಬ್ರರಿಯನ್‌ಗೂ ಹೇಳಿದ್ದಾಳಂತೆ: "ನನ್ನ ತಂಗಿ ಸುಳ್ಳು ಹೇಳಿದ್ಲು. ಸೋಮವಾರ ಬರ್ತಾಳೆ."
ನನ್ನನ್ನು ಯಾರೂ ಕೇಳಲಿಲ್ಲ. ಇದೂ ಒಂದು ಸೆರೆಯೇ.

ಮಾರ್ಚ್ 17, ಸೋಮವಾರ, ಬೆಳಿಗ್ಗೆ 9.20
ನರ್ಸ್ ಬಂದಾಯಿತು. ಅಕ್ಕನನ್ನು ನನಗಿಂತ ಹಗುರವಾಗಿ ಹೊರಳಿಸುತ್ತಾಳೆ. ಅಕ್ಕ ಒಮ್ಮೆಯೂ ನರಳಲಿಲ್ಲ. ಚುಚ್ಚಿತು.
ಹೆಗಲಲ್ಲಿ ಬ್ಯಾಗು, ಕಾಲಲ್ಲಿ ಚಪ್ಪಲಿ. ಬಾಗಿಲು ತೆರೆದೇ ಇದೆ. ಇಪ್ಪತ್ತು ನಿಮಿಷದಿಂದ ಪಕ್ಕದ ಸ್ಟೂಲಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.
"ಇನ್ನೂ ಹೋಗಿಲ್ವೇನೇ?" ಒಳಗಿನಿಂದ ಅಕ್ಕ. ದನಿ ನಡುಗುತ್ತಿತ್ತು.
ಹೊರಟೆ ಎಂದೆ. ಎಂದ ಮೇಲೆ ಏಳಲೇಬೇಕು. ಬಾಗಿಲು ಹಾಕಿಕೊಳ್ಳಲು ನರ್ಸ್ ಕಾಯುತ್ತಿದ್ದಾಳೆ. ಸಾಕು, ಏಳು —